ಸಿಹಿ ಮೊದಲು ಬಂದ ದಿನ

ಏಳನೆಯ ಕಂತು

“ಬಿಳಿ ವೈನ್ ಮೊದಲು, ಕೆಂಪು ಆಮೇಲೆ, ಸಿಹಿ ಎಲ್ಲಕ್ಕಿಂತ ಕೊನೆಗೆ. ಇದು ನಮ್ಮ ಕಸುಬಿನ ಕಾನೂನು ಸರ್. ನಿಮ್ಮ ಕಾನೂನಿಗಾದರೆ ಜಾಮೀನಿದೆ, ಇದಕ್ಕಿಲ್ಲ.”

ಗಡಿಯಾರದಕ್ಕ ಮೇಜಿನ ಮೇಲೆ ಹಾಳೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಖಾಲಿ ಗ್ಲಾಸು ಹೇರಿದಳು. ಬೇಕರಿಯ ಮೇಲಿನ ಆ ಒಂದೇ ಕೋಣೆಯ ಆಫೀಸಿನಲ್ಲಿ ಫ್ಯಾನಿಗೆ ಎರಡೇ ವೇಗ: ಒಂದೋ ನಿಂತಿರುತ್ತದೆ, ಇಲ್ಲವೇ ಬಿರುಗಾಳಿ. ಎದುರು ಕುರ್ಚಿಯಲ್ಲಿ ಇನ್ಸ್‌ಪೆಕ್ಟರ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು.

“ತಮ್ಮನ ವಿಷಯ ಮಾತಾಡಬೇಕು ಅಂತ ಕರೆಸಿದ್ರಿ. ಇಲ್ಲಿ ನೋಡಿದ್ರೆ ಪ್ರವಾಸದ ಪಟ್ಟಿ.”

“ಇದೇ ಅವನ ವಿಷಯ. ಸ್ವಲ್ಪ ತಡ್ಕೊಳ್ಳಿ.”

ಕಳೆದ ಶನಿವಾರ ತೋಟದಮ್ಮನ ವೈನರಿಯಲ್ಲಿ ಅತಿಥಿಗಳು ಮೇಲೆ ರುಚಿ ನೋಡುತ್ತ ಕೂತಿದ್ದಾಗಲೇ, ಕೆಳಗಿನ ನೆಲಮಾಳಿಗೆಯಲ್ಲಿ ಯಾರೋ ಹನ್ನೆರಡು ವರ್ಷದ ಕೆಂಪು ವೈನಿನ ಪೀಪಾಯಿಯ ನಲ್ಲಿ ತಿರುಗಿಸಿ, ಒಂಬೈನೂರು ಲೀಟರನ್ನೂ ಚರಂಡಿಗೆ ಬಿಟ್ಟಿದ್ದರು. ಮೊಣಕಾಲವರೆಗೆ ವೈನಿನಲ್ಲಿ ತೊಯ್ದು ಅಂಗಳದಲ್ಲಿ ಸಿಕ್ಕಿಬಿದ್ದವನು ಅಕ್ಕನ ತಮ್ಮ, ಅವಳ ವ್ಯಾನಿನ ಡ್ರೈವರು.

“ಸೋಮವಾರ ಆರೋಪಪಟ್ಟಿ ಹಾಕ್ತೀನಿ. ಅದಕ್ಕಿಂತ ಹೆಚ್ಚು ಕಾಯಕ್ಕಾಗಲ್ಲ,” ಅಂದರು ಇನ್ಸ್‌ಪೆಕ್ಟರ್. “ಅವನಾದರೂ ಬಾಯಿ ಬಿಡ್ತಾನಾ? ಏನು ಕೇಳಿದ್ರೂ ‘ನನಗೆ ಹೇಳೋದೇನಿಲ್ಲ.’ ತಪ್ಪು ಮಾಡದವನು ಬಾಯಿಗೆ ಬೀಗ ಜಡ್ಕೊಂಡು ಕೂರ್ತಾನಾ ಅಕ್ಕಾ?”

“ನನ್ನ ತಮ್ಮ ಹದಿನೈದು ವರ್ಷದಿಂದ ವೈನರಿಗಳ ಮಧ್ಯೆ ವ್ಯಾನ್ ಓಡಿಸ್ತಿದ್ದಾನೆ. ಒಂದು ಹನಿ ನಾಲಿಗೆಗೆ ಇಟ್ಟವನಲ್ಲ. ಗ್ಲಾಸು ತೊಳೆಯುವಾಗ ಕೈ ಮೂಸಿ ನೋಡಿದವನೂ ಅಲ್ಲ. ಅಂಥವನು ತೋಟದಮ್ಮನ ವೈನ್ ಚೆಲ್ತಾನಾ? ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ ಇದು. ಕೋತಿ ಯಾರು ಅಂತ ನಾನು ತೋರಿಸ್ತೀನಿ.”

ಹೇಳುವಾಗ ಅವಳ ಕುತ್ತಿಗೆ ತಾನಾಗಿಯೇ ನೆಟ್ಟಗಾಯಿತು. ಇಪ್ಪತ್ತೆರಡು ವರ್ಷ ವೈನರಿ ಸುತ್ತಾಟದ ದಿನಗಳನ್ನು ನಿಮಿಷ ನಿಮಿಷವಾಗಿ ಹೆಣೆದವಳು. ಯಾವ ದ್ರಾಕ್ಷಿ ತೋಟಕ್ಕೆ ಎಷ್ಟು ಹೊತ್ತಿನ ಬಿಸಿಲು ಚೆಂದ, ಯಾವ ಮಾಲೀಕ ಬಾಯಿಬಡುಕ, ಯಾರ ಮನೆಯ ಕಕ್ಕಸಿನ ಚಿಲಕ ಸರಿಯಿಲ್ಲ, ಎಲ್ಲವೂ ಅವಳ ಹಾಳೆಯಲ್ಲಿತ್ತು. ಅವಳ ವ್ಯಾನು ಗೇಟಿಗೆ ಬಂದರೆ ವೈನರಿಯವರು ಗೋಡೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಗಡಿಯಾರದಕ್ಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ, ಆ ಹೆಸರಿನ ಬಗ್ಗೆ ಅವಳಿಗೆ ಸಂಕೋಚವೂ ಇರಲಿಲ್ಲ.

“ಸರಿ, ತೋರಿಸಿ ನೋಡೋಣ,” ಇನ್ಸ್‌ಪೆಕ್ಟರ್ ಮುಂದಕ್ಕೆ ಬಾಗಿದರು. “ಆದ್ರೆ ಒಂದು ನೆನಪಿಟ್ಕೊಳ್ಳಿ. ಕೆಲಸದವರೆಲ್ಲ ಕೊಯ್ಲಿಗೆ ಹೋಗಿದ್ರು. ಮಿಕ್ಕವರೆಲ್ಲ ಮೇಜಿನ ಮುಂದೆ ಕೂತಿದ್ರು ಅಂತ ಬರೆದು ಸಹಿ ಹಾಕಿದವರು ನೀವು.”

“ಒಬ್ಬರನ್ನ ಬಿಟ್ಟು. ನಾಲಿಗೆ ಸಾಹೇಬರು ಫೋನ್ ಬಂತು ಅಂತ ಎದ್ದು ಹೋಗಿದ್ರು. ಅದನ್ನೂ ಬರೆದಿದ್ದೀನಿ.”

“ಮೂರೇ ನಿಮಿಷಕ್ಕೆ ವಾಪಸ್ ಬಂದ್ರಲ್ಲ?”

“ಬಂದೆ ಅಂತ ಅವರು ಅಂದ್ರು, ನಾನು ಬರ್ಕೊಂಡೆ. ನಾನಾಗ ಗೋಡೆ ಕಡೆ ಮುಖ ಮಾಡಿ ಬ್ರೆಡ್ ಕತ್ತರಿಸ್ತಿದ್ದೆ.”

ನಾಲಿಗೆ ಸಾಹೇಬರೆಂದರೆ ವಾರಪತ್ರಿಕೆಯಲ್ಲಿ ವೈನಿನ ಅಂಕಣ ಬರೆಯುವ ಮಹಾಶಯರು. ಅವರು ಒಂದು ಸಾಲು ಹೊಗಳಿದರೆ ಹೋಟೆಲುಗಳ ಕಪಾಟಿನಲ್ಲಿ ಆ ಬಾಟಲಿಗೆ ಜಾಗ ಸಿಗುತ್ತಿತ್ತು, ಒಂದು ಸಾಲು ತೆಗಳಿದರೆ ಹೋಗುತ್ತಿತ್ತು.

ಅಕ್ಕ ಬುಧವಾರದ ಪತ್ರಿಕೆಯನ್ನು ಹಾಳೆಯ ಪಕ್ಕ ಇಟ್ಟಳು. ಒಂದು ಸಾಲಿನ ಕೆಳಗೆ ಗೀಟು ಎಳೆದಿದ್ದಳು. ಇನ್ಸ್‌ಪೆಕ್ಟರ್ ಗಟ್ಟಿಯಾಗಿ ಓದಿದರು: “‘ತೋಟದಮ್ಮನವರ ಬಿಳಿ ವೈನು ಬಾಯಿಗಿಟ್ಟ ಕೂಡಲೇ ಮಾಗಿದ ಸೀಬೆಹಣ್ಣಿನ ನವಿರಾದ ಸಿಹಿ.’ ಚೆನ್ನಾಗೇ ಬರೆದಿದ್ದಾರಲ್ಲ?”

“ಚೆನ್ನಾಗಿದೆ. ಆದ್ರೆ ಸುಳ್ಳು. ಅವತ್ತು ಬೆಟ್ಟದ ರಸ್ತೆಯಲ್ಲಿ ಲಾರಿ ಮಗುಚಿ ದಾರಿ ಕಟ್ಟಿತ್ತು. ನಾನು ಗತಿಯಿಲ್ಲದೆ ಕೊನೆಯ ಜಾಗವನ್ನ ಮೊದಲು ಮಾಡಿದೆ. ಸಿಹಿ ವೈನ್ ಮಾಡೋರ ಮನೆಗೆ ಬೆಳಿಗ್ಗೇನೇ ಕರ್ಕೊಂಡು ಹೋದೆ. ಜೇನು ನೆಕ್ಕಿ ಕಿತ್ತಳೆ ತಿಂದಿದ್ದೀರಾ ಸರ್?”

“ಹುಳಿ ಹುಳಿ ಅನ್ಸತ್ತೆ.”

“ಹಾಂ! ಅವತ್ತು ತೋಟದಮ್ಮನ ಮೇಜಿನಲ್ಲಿ ಎಲ್ಲರ ಮುಖನೂ ಹುಣಸೆಹಣ್ಣು ಕಚ್ಚಿದ ಹಾಗಿತ್ತು. ನನಗೆ ನಾಚಿಕೆ ಆಗಿ ಸಾಯೋ ಹಾಗಾಗಿತ್ತು. ಇಂಥ ದಿನ ಈ ಮನುಷ್ಯನೊಬ್ಬನಿಗೆ ಸಿಹಿ ಎಲ್ಲಿಂದ ಬಂತು? ಅಚ್ಚು ಹಾಕಿದ ಪಟ್ಟಿಯಲ್ಲಿ ಈ ಬಿಳಿ ವೈನ್ ಸಿಹಿಗಿಂತ ಮುಂಚೆ ಇತ್ತು. ಪಟ್ಟಿ ನೋಡಿ ಬರೆದಿದ್ದಾರೆ, ಕುಡಿದು ಬರೆದಿಲ್ಲ. ಅಂದ್ರೆ ಮೇಜಿನ ಹತ್ತಿರ ಇರಲೇ ಇಲ್ಲ. ಮತ್ತೆಲ್ಲಿದ್ರು?”

ಇನ್ಸ್‌ಪೆಕ್ಟರ್ ಪತ್ರಿಕೆಯನ್ನು ಮಡಚಿದರು. ಅವರ ಮೀಸೆಯಡಿಯಲ್ಲಿ ನಗು ಬಂದು ಹೋದದ್ದು ಅಕ್ಕನ ಕಣ್ಣು ತಪ್ಪಲಿಲ್ಲ.

“ಭಲೇ,” ಅಂದರು. “ಉಳಿದವರು? ಪ್ರವಾಸಕ್ಕೆ ಬಂದ ಮೇಷ್ಟ್ರು, ಅವರ ಹೆಂಡ್ತಿ, ತೋಟದಮ್ಮ?”

“ಎಲ್ಲರಿಗೂ ಟಿಕ್ ಹಾಕಿದ್ದೀನಿ. ಹನ್ನೊಂದೂವರೆಯಿಂದ ಹನ್ನೆರಡರವರೆಗೆ ಯಾರೂ ಅಲ್ಲಾಡಿಲ್ಲ. ನನ್ನ ಹಾಳೆ ಸುಳ್ಳು ಹೇಳಲ್ಲ ಸರ್.”

“ಆದ್ರೆ ಕೋರ್ಟಿಗೆ ಸೀಬೆಹಣ್ಣು ಸಾಕಾಗಲ್ಲ ಅಕ್ಕಾ.”

“ಅದಕ್ಕೇ ನಾಳೆ ಮತ್ತೆ ಅದೇ ಪ್ರವಾಸ. ಅದೇ ಜನ, ಅದೇ ಹೊತ್ತು, ಅದೇ ತಪ್ಪು ಸರದಿ. ‘ಕಳೆದ ಸಲ ದಿನ ಕೆಟ್ಟುಹೋಯ್ತು, ದಯವಿಟ್ಟು ಇನ್ನೊಂದು ಸಲ ಬನ್ನಿ’ ಅಂತ ಎಲ್ಲರಿಗೂ ಹೇಳಿದ್ದೀನಿ. ನಾಳೆ ಸಾಹೇಬರು ನಿಜವಾಗ್ಲೂ ಸಿಹಿ ಕುಡಿದು ಬಂದು ಆ ಬಿಳಿ ಕುಡೀತಾರೆ. ಬಾಯಿಂದ ‘ಹುಳಿ’ ಅಂತ ಬಂತೋ, ಈ ಪತ್ರಿಕೆ ಮುಂದಿಡ್ತೀನಿ. ಆಮೇಲೆ ನಿಮ್ಮ ಕೆಲಸ.”

ಅಕ್ಕ ಹಾಳೆಯ ಮೇಲೆ ಬೆರಳು ಓಡಿಸಿದಳು. ಒಂಬತ್ತು ಹತ್ತಕ್ಕೆ ಹೊರಡುವುದು. ಒಂಬತ್ತು ನಲವತ್ತಕ್ಕೆ ಸಿಹಿಯವರ ಮನೆ, ಅಲ್ಲಿ ಐವತ್ತು ನಿಮಿಷ, ಹತ್ತೂವರೆಗೆ ಹೊರಡುವುದು ಮಾಲೀಕ ಮಾತು ನಿಲ್ಲಿಸಿದರೆ ಮಾತ್ರ. ದಾರಿಯಲ್ಲಿ ಬರೀ ನೀರು, ಬೇರೇನೂ ಇಲ್ಲ. ಹನ್ನೊಂದೂವರೆಗೆ ತೋಟದಮ್ಮನ ಗೇಟು. ಊಟ ಒಂದಕ್ಕೆ, ಅಷ್ಟರಲ್ಲಿ ಕೆಲಸ ಮುಗಿದಿರಬೇಕು.

“ಎಲ್ಲಾ ಸರಿ. ವ್ಯಾನ್ ಓಡಿಸೋರು ಯಾರು? ನಿಮ್ಮ ಡ್ರೈವರ್ ನನ್ನ ಹತ್ತಿರ ಇದ್ದಾನೆ.”

“ಅದಕ್ಕೇ ನೀವು ಓಡಿಸ್ತೀರಿ.”

“ನಾನಾ!”

“ಯೂನಿಫಾರಂ ಬೇಡ. ಒಂದು ಹಳೇ ಟೀ ಶರ್ಟು ಹಾಕ್ಕೊಳ್ಳಿ. ಮತ್ತೆ ಒಂಬತ್ತು ಹತ್ತು ಅಂದ್ರೆ ಒಂಬತ್ತು ಹತ್ತೇ.”

*

ಶನಿವಾರ ಇನ್ಸ್‌ಪೆಕ್ಟರ್ ಒಂಬತ್ತು ಹದಿಮೂರಕ್ಕೆ ಬಂದರು. ಅಕ್ಕ ಕೈಗಡಿಯಾರ ನೋಡಿದಳು ಅಷ್ಟೆ. ಅದು ಬೈಗುಳಕ್ಕಿಂತ ಜೋರಾಗಿತ್ತು.

“ಇದು ಠಾಣೆ ಜೀಪಲ್ಲ,” ಮೊದಲ ತಿರುವಿನಲ್ಲೇ ಅವರ ಕಿವಿಯಲ್ಲಿ ಉಸುರಿದಳು. “ಹಿಂದೆ ಇರೋದು ಕಳ್ಳರಲ್ಲ, ಅತಿಥಿಗಳು.”

“ಒಬ್ಬ ಇದ್ದಾನೆ ಅಂದ್ರಲ್ಲ ನೀವೇ?”

“ಶ್!”

ಹಿಂದಿನ ಸೀಟಿನಲ್ಲಿ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಕಿಟಕಿಗಾಗಿ ಕಿತ್ತಾಡುತ್ತಿದ್ದರು. ಮದುವೆಯಾಗಿ ನಲವತ್ತು ವರ್ಷವಾದ ನೆಪದಲ್ಲಿ ಈ ಸುತ್ತಾಟಕ್ಕೆ ಬಂದವರು. ಮೊದಲ ಸಲ ಪೊಲೀಸರನ್ನು ಕಂಡರು, ಎರಡನೇ ಸಲಕ್ಕೆ ಇನ್ನೂ ಏನಾದರೂ ಕಾಣಬಹುದೆಂದು ಹುರುಪಿನಿಂದ ಹೊರಟಿದ್ದರು. ಅವರ ಮುಂದಿನ ಸೀಟಿನಲ್ಲಿ ನಾಲಿಗೆ ಸಾಹೇಬರು, ಇಸ್ತ್ರಿ ಮಾಡಿದ ಕೋಟು, ಮಡಿಲಲ್ಲಿ ಚರ್ಮದ ಹೊದಿಕೆಯ ಪುಸ್ತಕ.

“ಸರದಿ ಮತ್ತೆ ತಲೆಕೆಳಗಾಯ್ತೇನಮ್ಮಾ?” ಸಿಹಿಯವರ ಗೇಟು ಕಂಡಾಗ ಕೇಳಿದರು.

“ಏನ್ ಮಾಡೋದು ಸಾಹೇಬ್ರೇ, ಹಣೆಬರಹ,” ಅಂದಳು ಅಕ್ಕ.

ಸಿಹಿಯವರ ಮನೆಯಲ್ಲಿ ಎಲ್ಲರೂ ಮೂರು ಮೂರು ಗ್ಲಾಸು ರುಚಿ ನೋಡಿದರು. ಉಗುಳುವ ಪಾತ್ರೆ ಇಟ್ಟಿದ್ದರೂ ಮೇಷ್ಟ್ರು ಅದನ್ನು ಮುಟ್ಟಲಿಲ್ಲ. “ಇಂಥದ್ದನ್ನ ಉಗಿದ್ರೆ ಪಾಪ ಬರತ್ತೆ” ಎಂದು ಹೆಂಡತಿಯ ಗ್ಲಾಸನ್ನೂ ಮುಗಿಸಿದರು. ಸಾಹೇಬರು ಮೂರೂ ಗ್ಲಾಸು ಮುಗಿಸಿದ್ದನ್ನು ಅಕ್ಕ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡಳು. ಹನ್ನೊಂದು ಇಪ್ಪತ್ತೊಂಬತ್ತಕ್ಕೆ ವ್ಯಾನು ತೋಟದಮ್ಮನ ಗೇಟಿನೊಳಗೆ ಹೋಯಿತು.

ರುಚಿ ನೋಡುವ ಕೋಣೆ ಉದ್ದನೆಯದು. ಒಂದು ಗೋಡೆಯುದ್ದಕ್ಕೂ ಕಿಟಕಿ, ಕಿಟಕಿಯಾಚೆ ಸಾಲುಗಟ್ಟಿದ ದ್ರಾಕ್ಷಿ ಬಳ್ಳಿ. ಮಧ್ಯೆ ಹಳೇ ಮರದ ಮೇಜು, ಅದರ ತಲೆಯ ಕಡೆ ತೋಟದಮ್ಮನ ಕುರ್ಚಿ, ಆ ಕುರ್ಚಿಯ ಬೆನ್ನಿಗೆ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಬಾಗಿಲು. ಬ್ರೆಡ್ಡು, ಚೀಸು, ಉಪ್ಪಿನ ಬಟ್ಟಲು, ನೀರಿನ ಜಗ್ಗು ಎಲ್ಲವೂ ಕಳೆದ ವಾರ ಇದ್ದಲ್ಲೇ ಇದ್ದವು. ಅಕ್ಕನೇ ಬೆಳಿಗ್ಗೆ ಫೋನ್ ಮಾಡಿ ಒಂದೊಂದನ್ನೂ ಇಡಿಸಿದ್ದಳು.

ತೋಟದಮ್ಮ ಎದ್ದು ನಿಂತು ಎಲ್ಲರನ್ನೂ ಬರಮಾಡಿಕೊಂಡಳು. ಎಪ್ಪತ್ತೆರಡರ ಹೆಂಗಸು, ಬೆನ್ನು ಮಾತ್ರ ಇಪ್ಪತ್ತರದ್ದು. ಗಂಡ ಸತ್ತ ವರ್ಷ ನೆಂಟರೆಲ್ಲ ತೋಟ ಮಾರು ಅಂದಾಗ, ಹೊಸ ಬಳ್ಳಿ ನೆಡಿಸಿದವಳು. ಅಕ್ಕ ಮೊತ್ತಮೊದಲು ನಾಲ್ಕು ಜನ ಪ್ರವಾಸಿಗರನ್ನು ಕಟ್ಟಿಕೊಂಡು ಅಲೆಯುತ್ತಿದ್ದಾಗ ಬೇರೆ ಯಾರೂ ಗೇಟು ತೆರೆಯಲಿಲ್ಲ, ಈಕೆ ತೆರೆದಳು. “ಹೊತ್ತಿಗೆ ಸರಿಯಾಗಿ ಬಾ, ನಿನ್ನ ಹೆಸರು ತಾನಾಗಿ ಬೆಳೆಯುತ್ತೆ” ಎಂದು ಹೇಳಿಕೊಟ್ಟವಳೂ ಈಕೆಯೇ. ಆ ಪೀಪಾಯಿ ಖಾಲಿಯಾದ ಸುದ್ದಿಗೆ ಅಕ್ಕ ನೊಂದದ್ದು ತಮ್ಮನಿಗಾಗಿ ಮಾತ್ರ ಅಲ್ಲ, ಈ ಮುದುಕಿಗಾಗಿಯೂ.

“ಬಾ ಮಗಳೇ,” ಅಂದಳು ತೋಟದಮ್ಮ. “ಈ ಹೊಸ ಡ್ರೈವರಿಗೂ ಒಂದು ಕುರ್ಚಿ ಹಾಕು.”

ಬಿಳಿ ವೈನು ಗ್ಲಾಸಿಗೆ ಬಿತ್ತು. ಮೇಷ್ಟ್ರ ಹೆಂಡತಿ ಒಂದು ಗುಟುಕು ಹೀರಿ ಕಣ್ಣು ಮುಚ್ಚಿದರು.

“ಅಯ್ಯಪ್ಪಾ! ರೀ, ನಿಂಬೆಹಣ್ಣು ಹಿಂಡಿದ ಹಾಗಿದೆ ಕಣ್ರೀ.”

“ಹೋದ ಸಲಾನೂ ಹೀಗೇ ಅಂದೆ. ಸುಮ್ಮನೆ ಕುಡಿ, ದೊಡ್ಡವರ ಮನೆ,” ಎಂದು ಮೇಷ್ಟ್ರು ಗದರಿದರು. ಆದರೆ ಅವರ ಒಂದು ಕಣ್ಣೂ ತಾನಾಗಿ ಮುಚ್ಚಿಕೊಂಡಿತು.

ಅಕ್ಕ ಇದಕ್ಕೇ ಕಾದಿದ್ದಳು. ದನಿಗೆ ಬೆಣ್ಣೆ ಸವರಿದಳು.

“ಸಾಹೇಬ್ರೇ, ನಿಮ್ಮಂಥವರು ಹೇಳಿದ್ರೆ ನಮಗೂ ನಾಲ್ಕಕ್ಷರ ಗೊತ್ತಾಗತ್ತೆ. ಹೇಗಿದೆ?”

ನಾಲಿಗೆ ಸಾಹೇಬರು ಗ್ಲಾಸನ್ನು ಬೆಳಕಿಗೆ ಹಿಡಿದರು. ಮೂಸಿದರು. ಒಂದು ಗುಟುಕು ಬಾಯಿಗೆ ಹಾಕಿ, ಕೆನ್ನೆಯಿಂದ ಕೆನ್ನೆಗೆ ಆಡಿಸಿ, ನುಂಗಿದರು. ಇನ್ಸ್‌ಪೆಕ್ಟರ್ ಬ್ರೆಡ್ ಜಗಿಯುವುದನ್ನು ನಿಲ್ಲಿಸಿದರು.

“ಆಹಾ,” ಅಂದರು ಸಾಹೇಬರು. “ಮಾಗಿದ ಸೀಬೆಹಣ್ಣು. ಎಂಥ ನವಿರಾದ ಸಿಹಿ!”

ಅಕ್ಕನ ಕೈ ಪತ್ರಿಕೆಯ ಮೇಲೇ ನಿಂತಿತು. ಹುಳಿ ಎಂಬ ಮಾತಿಗೆಂದು ಹೆಣೆದ ಇಡೀ ದಿನದಲ್ಲಿ ಈ ಮಾತಿಗೆ ಜಾಗವೇ ಇರಲಿಲ್ಲ. ಆದರೆ ಇಪ್ಪತ್ತೆರಡು ವರ್ಷದ ಹಮ್ಮು ಹಿಂದೆ ಸರಿಯಲು ಬಿಡಬೇಕಲ್ಲ. ಪತ್ರಿಕೆಯನ್ನು ಮೇಜಿನ ಮೇಲೆ ಬಡಿದೇಬಿಟ್ಟಳು.

“ಸುಳ್ಳು! ಇವತ್ತೂ ಸುಳ್ಳು, ಅವತ್ತೂ ಸುಳ್ಳು. ಸಿಹಿ ಕುಡಿದು ಬಂದವರಿಗೆ ಇದು ಸಿಹಿ ಆಗಕ್ಕೆ ಸಾಧ್ಯನೇ ಇಲ್ಲ. ಅವತ್ತು ನೀವು ಇದನ್ನ ಕುಡಿದೇ ಇಲ್ಲ. ಪಟ್ಟಿ ನೋಡ್ಕೊಂಡು ಬರೆದ್ರಿ. ಎಲ್ಲರೂ ಇಲ್ಲಿ ಕೂತಿದ್ದಾಗ ನೀವು ಕೆಳಗೆ ಪೀಪಾಯಿ ಹತ್ತಿರ ಇದ್ರಿ!”

ಮೇಷ್ಟ್ರ ಹೆಂಡತಿ ಗಂಡನ ತೋಳು ಹಿಡಿದುಕೊಂಡರು.

ಇನ್ಸ್‌ಪೆಕ್ಟರ್ ಮೆಲ್ಲಗೆ ಕೆಮ್ಮಿದರು. “ಅಕ್ಕಾ, ಒಂದು ಮಾತು. ಇವತ್ತು ಅವರು ಇಲ್ಲೇ ಕೂತಿದ್ದಾರೆ. ನಮ್ಮೆಲ್ಲರ ಕಣ್ಣೆದುರಿಗೇ ಕುಡಿದ್ರು. ಆದ್ರೂ ಸಿಹಿ ಅಂದ್ರು.”

“ಅಂದ್ರೆ?”

“ಅಂದ್ರೆ ಅವತ್ತೂ ಕೂತಿದ್ದು, ಕುಡಿದು, ಸಿಹಿ ಅಂತ ಬರೆದಿರಬಹುದಲ್ಲ?”

ಅಕ್ಕ ತಾನೇ ಹೂಡಿದ ಬೋನಿನ ಬಾಗಿಲು ತನ್ನ ಕಡೆಗೇ ಮುಚ್ಚಿಕೊಳ್ಳುತ್ತಿತ್ತು.

ನಾಲಿಗೆ ಸಾಹೇಬರು ಕೋಪ ಮಾಡಿಕೊಳ್ಳಲಿಲ್ಲ. ಉಪ್ಪಿನ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು ಎರಡು ಚಮಚ ಉಪ್ಪನ್ನು ತಮ್ಮ ಗ್ಲಾಸಿಗೆ ಸುರಿದು ಕಲಕಿದರು. ವೈನು ಕಲಸಿದ ಸುಣ್ಣದಂತಾಯಿತು. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಒಂದೇ ಸಮನೆ ಕುಡಿದು ಮುಗಿಸಿ, ಗ್ಲಾಸು ಕೆಳಗಿಟ್ಟರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಎರಡು ವರ್ಷ ಆಯ್ತು,” ಅಂದರು. “ಒಂದು ಜ್ವರ ಬಂತು. ಹೋಗುವಾಗ ನಾಲಿಗೆ, ಮೂಗು ಎರಡನ್ನೂ ಹೊತ್ಕೊಂಡು ಹೋಯ್ತು. ನನಗೆ ವೈನೂ ಒಂದೇ, ಕೊಳದ ನೀರೂ ಒಂದೇ.”

“ಅಯ್ಯೋ ಶಿವನೇ,” ಅಂದರು ಮೇಷ್ಟ್ರ ಹೆಂಡತಿ. “ಹೆಂಡ್ತಿಗಾದರೂ ಹೇಳಿದ್ದೀರಾ?”

“ಇಲ್ಲಮ್ಮ. ಮೂವತ್ತು ವರ್ಷ ನಾಲಿಗೆ ಸಾಹೇಬರು, ನಾಲಿಗೆ ಸಾಹೇಬರು ಅಂತ ಕರೆಸಿಕೊಂಡವನು ನಾಲಿಗೆ ಇಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?” ಅವರು ನಕ್ಕರು, ಆ ನಗು ನೋಡಲಾಗಲಿಲ್ಲ. “ಇವಳ ಪಟ್ಟಿ ನೋಡಿ ವ್ಯಾನಿನಲ್ಲೇ ಬರೆದುಬಿಡ್ತೀನಿ. ಹಳೇ ವೈನುಗಳ ರುಚಿ ತಲೆಯಲ್ಲಿದೆಯಲ್ಲ, ಅದು ಸಾಕು. ಅಚ್ಚಾದದ್ದನ್ನ ಬಿಟ್ಟುಕೊಡಬಾರದು ಅಂತ ಇವತ್ತೂ ಅದನ್ನೇ ಅಂದೆ. ಸರದಿ ಬದಲಾದ್ರೆ ರುಚಿಯೂ ಬದಲಾಗತ್ತೆ ಅನ್ನೋದು ಮರೆತೇ ಹೋಗಿತ್ತು. ಬಾಯಿ ನೆನಪಿಸಬೇಕಿತ್ತು, ಬಾಯೇ ಇಲ್ಲ.”

ಅಕ್ಕ ಮರ್ಯಾದಸ್ಥ ಮನುಷ್ಯನ ಮರ್ಯಾದೆಯನ್ನು ನಾಲ್ಕು ಜನರ ಮುಂದೆ ಕಿತ್ತು ಹಾಕಿದ್ದಳು, ತಮ್ಮ ಮಾತ್ರ ಇದ್ದಲ್ಲೇ ಇದ್ದ.

“ತಪ್ಪಾಯ್ತು ಸಾಹೇಬ್ರೇ,” ಅಂದಳು. “ಆದ್ರೆ ಮೇಜಿನ ಹತ್ತಿರ ಇಲ್ಲದೇ ಇದ್ದವರು ನೀವೂ ಅಲ್ಲ ಅಂದ್ರೆ, ನನ್ನ ತಮ್ಮನೇ...”

“ತಡಿ ತಾಯಿ. ನಾನು ಮೂರೇ ನಿಮಿಷಕ್ಕೆ ವಾಪಸ್ ಬಂದೆ. ಬಂದವನು ಏನು ಮಾಡ್ತಾ ಕೂತಿದ್ದೆ ಕೇಳು. ರುಚಿ ಗೊತ್ತಾಗದವನು ಬೇರೆಯವರ ಮುಖ ನೋಡಬೇಕು. ಯಾರು ತಲೆ ಆಡಿಸಿದ್ರು, ಯಾರು ಮುಖ ಹಿಂಡಿದ್ರು, ಇದೇ ನನ್ನ ಬದುಕು. ಅವತ್ತು ಒಂದೊಂದು ಕುರ್ಚಿಯನ್ನೂ ನೋಡಿದ್ದೀನಿ. ನೀನು ನೋಡಿಲ್ಲ.”

“ನಾನಾ? ನನ್ನ ಹಾಳೆಯಲ್ಲಿ ಎಲ್ಲರಿಗೂ...”

“ನಿನ್ನ ಹಾಳೆಯಲ್ಲಿ ಟಿಕ್ ಬಿದ್ದಿದ್ದು ಯಾವಾಗ?”

ಅಕ್ಕ ಕೈಯಲ್ಲಿದ್ದ ಹಾಳೆಯ ಕಡೆ ನೋಡಿದಳು.

“ನಾನು ಹೇಳ್ತೀನಿ. ವ್ಯಾನ್ ಇನ್ನೂ ಗೇಟಿನಲ್ಲಿತ್ತು. ನಾನು ನಿನ್ನ ಹಿಂದಿನ ಸೀಟಿನಲ್ಲಿದ್ದೆ. ಹನ್ನೊಂದೂವರೆಯಿಂದ ಹನ್ನೆರಡರವರೆಗೆ ಇಲ್ಲಿ ಆಗಬೇಕಾದ್ದಕ್ಕೆಲ್ಲ ನೀನು ಆಗಲೇ ಟಿಕ್ ಎಳೆದು, ಪೆನ್ನಿನ ಮುಚ್ಚಳ ಹಾಕಿದೆ. ನಾನು ಕುಡಿಯೋಕ್ಕೆ ಮುಂಚೆ ಬರೆದೆ. ನೀನು ನೋಡೋಕ್ಕೆ ಮುಂಚೆ ಬರೆದೆ. ನಾವಿಬ್ಬರೂ ಒಂದೇ ಕಸುಬಿನವರು ಬಿಡು.”

ನಿಜ. ಇಳಿದ ಮೇಲೆ ಬ್ರೆಡ್ ಕತ್ತರಿಸಬೇಕು, ಗ್ಲಾಸು ಹಂಚಬೇಕು, ಕೈ ಬಿಡುವಿರುವುದಿಲ್ಲ. ಅದಕ್ಕೆ ಗೇಟಿನಲ್ಲೇ ಟಿಕ್ ಹಾಕಿ ಮುಗಿಸುವುದು ಅವಳ ರೂಢಿ. ಇಪ್ಪತ್ತೆರಡು ವರ್ಷದಲ್ಲಿ ಹಾಳೆ ಹೇಳಿದ್ದು ಒಂದು ದಿನವೂ ನಡೆಯದೆ ಇದ್ದದ್ದಿಲ್ಲ; ಅದಕ್ಕೇ ನಡೆಯುವ ಮೊದಲೇ ನಡೆಯಿತೆಂದು ಬರೆಯುವ ಧೈರ್ಯ. ಪೊಲೀಸರು ಕೇಳಿದಾಗ ಅದೇ ಟಿಕ್ಕುಗಳನ್ನು ನೋಡಿ ‘ಎಲ್ಲರೂ ಕೂತಿದ್ದರು’ ಎಂದು ಬರೆದು ಸಹಿ ಹಾಕಿದ್ದಳು. ಆ ಸಹಿಯಿಂದಲೇ ಹೊರಗಿದ್ದವನು ತಮ್ಮನೊಬ್ಬನೇ ಆದ. ಬೇರೆ ಯಾರೂ ಅಲ್ಲ, ತಾನೇ ಅವನನ್ನು ಒಳಗೆ ಹಾಕಿಸಿದ್ದಳು.

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ.

“ಸರ್,” ಅಂದಳು ಇನ್ಸ್‌ಪೆಕ್ಟರ್ ಕಡೆ ತಿರುಗಿ, ಅವರ ಡ್ರೈವರ್ ವೇಷವನ್ನೂ ಮರೆತು; ದನಿ ಗಟ್ಟಿಯಾಗಿಯೇ ಇತ್ತು. “ನಾನು ಕೊಟ್ಟ ಹೇಳಿಕೆ ತಪ್ಪು. ನಾನು ನೋಡಿ ಬರೆದದ್ದಲ್ಲ. ಊರೆಲ್ಲಾ ಗಡಿಯಾರದಕ್ಕ ಅಂತ ಕರೀತಾರಲ್ಲ, ಆ ಕೊಬ್ಬಿಗೆ ಬರೆದದ್ದು. ಎಲ್ಲಿ ಸಹಿ ಹಾಕಬೇಕು ಹೇಳಿ, ಹೊಸದಾಗಿ ಬರ್ಕೊಡ್ತೀನಿ.”

“ಬರ್ಕೊಡಿ. ಅದಕ್ಕೆ ಮುಂಚೆ,” ಇನ್ಸ್‌ಪೆಕ್ಟರ್ ಸಾಹೇಬರ ಕಡೆ ನೋಡಿದರು, “ಯಾವ ಕುರ್ಚಿ ಖಾಲಿ ಇತ್ತು?”

ನಾಲಿಗೆ ಸಾಹೇಬರು ಬೆರಳು ತೋರಿಸಲಿಲ್ಲ. ಮೇಜಿನ ತಲೆಯ ಕಡೆ ಸುಮ್ಮನೆ ನೋಡಿದರು, ಅಷ್ಟೆ.

ತೋಟದಮ್ಮ ತನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು.

“ನಾನು ಬಂದಾಗ ಇವರಿರಲಿಲ್ಲ,” ಅಂದರು ಸಾಹೇಬರು. “ಹದಿನೇಳು ನಿಮಿಷ. ಆ ಹಿಂದಿನ ಬಾಗಿಲಿಂದ ವಾಪಸ್ ಬಂದ್ರು. ರವಿಕೆಯ ತೋಳನ್ನ ಮೊಣಕೈವರೆಗೆ ಮಡಚಿದ್ರು. ಇದನ್ನ ಅವತ್ತೇ ಹೇಳಿದ್ರೆ, ‘ವೈನ್ ಬಿಟ್ಟು ಕುರ್ಚಿ ಯಾಕೆ ನೋಡ್ತಿದ್ರಿ’ ಅಂತ ಕೇಳ್ತಿದ್ರಿ. ನನ್ನ ಹೆಸರು ಉಳಿಸ್ಕೊಳ್ಳಕ್ಕೆ ಒಬ್ಬ ಡ್ರೈವರ್ ಒಳಗಿರಲಿ ಅಂತ ಸುಮ್ಮನಿದ್ದೆ. ಅದಕ್ಕೆ ನನಗೆ ಕ್ಷಮೆ ಇಲ್ಲ.”

“ಹೌದು ಕಣ್ರೀ!” ಮೇಷ್ಟ್ರ ಹೆಂಡತಿ ಎದೆ ಮುಟ್ಟಿಕೊಂಡರು. “ಎದ್ದು ಹೋಗಿದ್ರು. ಇನ್ನೊಂದು ಬಾಟ್ಲಿ ತರಕ್ಕೆ ಅಂದ್ಕೊಂಡ್ವಿ.”

“ಪೊಲೀಸರಿಗೆ ಯಾಕಮ್ಮ ಹೇಳಲಿಲ್ಲ?” ಇನ್ಸ್‌ಪೆಕ್ಟರ್ ದನಿ ಏರಿತು.

“ನಿಮ್ಮವರು ಕೇಳಿದ್ದು ‘ಅತಿಥಿಗಳಲ್ಲಿ ಯಾರಾದರೂ ಎದ್ದು ಹೋದ್ರಾ’ ಅಂತ. ಇವರು ಅತಿಥಿ ಅಲ್ಲವಲ್ಲ, ಮನೆಯೊಡತಿ.”

(ಮುಂದುವರಿಯುವುದು)